ದೇಶದ ಕ್ಷೇಮಸಮಾಚಾರ

ಊರಿಗೆ ಕಾಗದ ಬರೆಯುವ ಪರಿಪಾಠವಿದ್ದ ದಿನಗಳಲ್ಲಿ ಪರಸ್ಥಳದ ಕನ್ನಡಿಗನ ಲೇಖನಿಯಿಂದ ಮೊದಲು ಇಳಿಯುತ್ತಿದ್ದ ಮಾತು ಒಂದೇ ಆಗಿತ್ತು: “ಉಭಯ ಕುಶಲೋಪರಿ ಸಾಂಪ್ರತ. ನಾವಿಲ್ಲಿ ಕ್ಷೇಮದಿಂದಿದ್ದೇವೆ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಬೇಕು.” ಮುಂಬಯಿಯ ಹೋಟೆಲಿನ ಅಟ್ಟದ ಮೇಲೆ ಜ್ವರದಿಂದ ನರಳುತ್ತ ಮಲಗಿದ್ದ ಹುಡುಗನೂ ಅದನ್ನೇ ಬರೆಯುತ್ತಿದ್ದನು. ಮಂಡಿಯ ನೋವಿನಿಂದ ಬಾವಿಕಟ್ಟೆಯವರೆಗೆ ನಡೆಯಲಾರದ ಆತನ ತಾಯಿಯೂ ಊರಿನಿಂದ ಅದನ್ನೇ ಬರೆಯಿಸುತ್ತಿದ್ದಳು. ಇದನ್ನು ಸುಳ್ಳೆಂದು ಯಾರೂ ಕರೆಯಲಾರರು. ತನ್ನ ಕಷ್ಟದಿಂದ ದೂರದಲ್ಲಿರುವ ಇನ್ನೊಬ್ಬರ ಮನಸ್ಸು ಕದಡಬಾರದೆಂಬ ವಾತ್ಸಲ್ಯವೇ ಆ ಒಕ್ಕಣೆಯ ಮೂಲ. ಆದರೆ ಒಂದು ಮನೆತನಕ್ಕೆ ಒಪ್ಪುವ ಈ ರೀತಿ ಒಂದು ರಾಷ್ಟ್ರಕ್ಕೆ ಒಪ್ಪಲಾರದು. ದೇಶವು ತನ್ನ ಪ್ರಜೆಗಳ ಕ್ಷೇಮವನ್ನು ವಿಚಾರಿಸದೆಯೇ “ಎಲ್ಲರೂ ಕ್ಷೇಮ” ಎಂದು ಬರೆದುಕೊಂಡರೆ, ಆ ಬರಹವನ್ನು ನಂಬಿ ಹೂಡುವ ಯೋಜನೆಗಳು ದಾರಿ ತಪ್ಪುವುದರಲ್ಲಿ ಸಂಶಯವಿಲ್ಲ.

ನಮ್ಮ ಸರಕಾರಗಳು ಈ ಬಗೆಗೆ ಏನನ್ನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಎಷ್ಟು ಮಂದಿ ಹುಟ್ಟಿದರು, ಎಷ್ಟು ಮಂದಿ ತೀರಿಕೊಂಡರು, ತೀರಿಕೊಂಡಾಗ ಅವರ ವಯಸ್ಸೆಷ್ಟು ಎಂಬ ಲೆಕ್ಕವನ್ನು ಮಾದರಿ ನೋಂದಣಿ ಪದ್ಧತಿಯು ಅರ್ಧ ಶತಮಾನಕ್ಕೂ ಮಿಕ್ಕಿ ಇಡುತ್ತ ಬಂದಿದೆ. 1941-51ರ ದಶಕದಲ್ಲಿ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷವಿದ್ದಿತು. 2016-20ರ ಅವಧಿಗೆ ಅದು 70 ವರ್ಷಕ್ಕೆ ಏರಿತು. 1971ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದರೆ, 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿಯಿತು. ಸಿಡುಬು ದೇಶ ಬಿಟ್ಟು ತೊಲಗಿತು, ಪೋಲಿಯೋ ಹಿಮ್ಮೆಟ್ಟಿತು. ಇವೆಲ್ಲ ಹೆಮ್ಮೆಪಡಬೇಕಾದ ಸಂಗತಿಗಳೇ ಸರಿ. 1992-93ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿ, ರಕ್ತದೊತ್ತಡ, ರಕ್ತಹೀನತೆ, ಮಕ್ಕಳ ಎತ್ತರ, ತೂಕ ಇವುಗಳನ್ನೆಲ್ಲ ಅಳೆಯಿತು. ಇದನ್ನು ನಡೆಸುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ನಮ್ಮ ಮುಂಬಯಿಯ ದೇವನಾರದಲ್ಲಿಯೇ ಇರುವುದೆಂಬುದನ್ನು ವಾಚಕರಲ್ಲಿ ಹಲವರು ಬಲ್ಲರು.

ಆದರೆ ಆಯುಸ್ಸು ಬೇರೆ, ಆರೋಗ್ಯದಿಂದ ಕೂಡಿದ ಬಾಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2019ನೆಯ ಇಸವಿಗೆ ಮಾಡಿದ ಅಂದಾಜಿನಂತೆ ಭಾರತೀಯನ ಆಯುಸ್ಸು ಸುಮಾರು 70 ವರ್ಷವಾದರೆ, ಅದರಲ್ಲಿ ಪೂರ್ಣ ಆರೋಗ್ಯಕ್ಕೆ ಸಮನಾಗಿ ಎಣಿಸಬಹುದಾದದ್ದು ಸುಮಾರು 60 ವರ್ಷ ಮಾತ್ರ. ಉಳಿದ ಹತ್ತು ವರ್ಷಗಳಷ್ಟು ಬಾಳು ಬೇನೆ, ಊನ, ಅಶಕ್ತತೆಗಳಿಗೆ ತೆತ್ತ ಕಂದಾಯವೆಂದೇ ಹೇಳಬೇಕು. ರೋಗಗಳ ಸ್ವರೂಪವೂ ಬದಲಾಗಿದೆ. ದೇಶದ ಒಟ್ಟು ರೋಗಭಾರದಲ್ಲಿ ಅಂಟುರೋಗಗಳಲ್ಲದ ಬೇನೆಗಳ ಪಾಲು 1990ರಲ್ಲಿ ನೂರಕ್ಕೆ 30ರಷ್ಟಿದ್ದುದು 2016ರಲ್ಲಿ 55ಕ್ಕೆ ಏರಿತೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತಿತರ ಸಂಸ್ಥೆಗಳು 2017ರಲ್ಲಿ ಪ್ರಕಟಿಸಿದ ವರದಿ ತಿಳಿಸಿತು. ವಾಂತಿಭೇದಿ, ಪ್ಲೇಗುಗಳು ಬಂದ ಕಾಲದಲ್ಲಿ ಸತ್ತವರನ್ನು ಎಣಿಸಿದರೆ ಊರಿನ ಸ್ಥಿತಿ ತಿಳಿಯುತ್ತಿದ್ದಿತು. ಸೊಂಟನೋವು, ಸಂಧಿವಾತ, ಮಧುಮೇಹ, ಮನೋವ್ಯಾಧಿಗಳ ಕಾಲದಲ್ಲಿ ಹಾಗಲ್ಲ. ಸೊಂಟನೋವಿನಿಂದ ಯಾರೂ ಸಾಯುವುದಿಲ್ಲ. ಆದುದರಿಂದ ಯಾವ ಮರಣಪಟ್ಟಿಯಲ್ಲಿಯೂ ಅದು ಕಾಣಿಸುವುದಿಲ್ಲ. ಆದರೆ ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತು ದೋಸೆ ಹೊಯ್ದವನ ಸೊಂಟವನ್ನೂ, ಕಾಲಿನಲ್ಲಿ ಗಂಟುಕಟ್ಟಿದ ನರಗಳನ್ನೂ ಕೇಳಿದರೆ ಬೇರೆಯೇ ಕಥೆ ಹೊರಡುತ್ತದೆ.

ಈ ಕಥೆಯನ್ನು ಕೇಳಿ ಬರೆದುಕೊಳ್ಳುವ ವಿದ್ಯೆಯನ್ನೇ ವಿದ್ವಾಂಸರು ಆರೋಗ್ಯಸಂಬಂಧವಾದ ಜೀವನಗುಣದ ಮಾಪನವೆಂದು ಕರೆದಿದ್ದಾರೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ, ದೇಹ, ಮನಸ್ಸು, ಸಾಮಾಜಿಕ ಜೀವನ ಈ ಮೂರರ ಸಂಪೂರ್ಣ ಸುಸ್ಥಿತಿಯೆಂದು ಸಾರಿತು. ಆದರೆ ಆ ಸುಸ್ಥಿತಿಯನ್ನು ಅಳೆಯುವ ಕೋಲು ಸಿದ್ಧವಾಗಲು ಅನೇಕ ದಶಕಗಳು ಬೇಕಾದವು. ಅಮೆರಿಕದ ರೋಗನಿಯಂತ್ರಣ ಕೇಂದ್ರವು 1993ರಲ್ಲಿ ತನ್ನ ರಾಜ್ಯವಾರು ಸಮೀಕ್ಷೆಯಲ್ಲಿ ಬಹು ಸರಳವಾದ ಕೆಲವು ಪ್ರಶ್ನೆಗಳನ್ನು ಸೇರಿಸಿತು: ಕಳೆದ 30 ದಿನಗಳಲ್ಲಿ ನಿಮ್ಮ ಶರೀರ ಸರಿಯಿಲ್ಲದ ದಿನಗಳೆಷ್ಟು? ಮನಸ್ಸು ಸರಿಯಿಲ್ಲದ ದಿನಗಳೆಷ್ಟು? ಅದರಿಂದ ಕೆಲಸ ಕೆಟ್ಟ ದಿನಗಳೆಷ್ಟು? ಯೂರೋಪಿನ ಸಂಶೋಧಕರ ಒಂದು ಕೂಟವು 1987ರಲ್ಲಿ ಸೇರಿ ರೂಪಿಸಲಾರಂಭಿಸಿದ ಪ್ರಶ್ನಾವಳಿ ಇನ್ನೂ ಹೆಚ್ಚು ಪ್ರಚಾರಕ್ಕೆ ಬಂದಿದೆ. ಅದರಲ್ಲಿ ಐದೇ ವಿಷಯಗಳು: ನಡೆದಾಡುವುದು, ಸ್ನಾನ ಉಡಿಗೆಗಳನ್ನು ತಾನೇ ಮಾಡಿಕೊಳ್ಳುವುದು, ನಿತ್ಯದ ಕೆಲಸ, ನೋವು, ಚಿಂತೆ ಅಥವಾ ಖಿನ್ನತೆ. ಪ್ರತಿಯೊಂದಕ್ಕೂ “ತೊಂದರೆಯಿಲ್ಲ” ಎಂಬಲ್ಲಿಂದ ಹಿಡಿದು “ಸಾಧ್ಯವೇ ಇಲ್ಲ” ಎಂಬವರೆಗೆ ಐದು ಮಟ್ಟಗಳು. ಹೀಗೆ 3125 ಬಗೆಯ ಆರೋಗ್ಯಸ್ಥಿತಿಗಳನ್ನು ಐದು ಉತ್ತರಗಳಲ್ಲಿ ಹಿಡಿದಿಡಬಹುದು. ಇಂಗ್ಲಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2009ರಲ್ಲಿ ಮಂಡಿ, ಸೊಂಟಗಳ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಗಳ ಮುಂಚೆಯೂ ತರುವಾಯವೂ ರೋಗಿಗಳಿಗೆ ಇವೇ ಪ್ರಶ್ನೆಗಳನ್ನು ಕೇಳಲಾರಂಭಿಸಿತು. ಚಿಕಿತ್ಸೆ ಯಶಸ್ವಿಯಾಯಿತೆಂದು ವೈದ್ಯನು ಹೇಳಿದರೆ ಸಾಲದು, ರೋಗಿಯೂ ಹೇಳಬೇಕು ಎಂಬ ತತ್ತ್ವವನ್ನು ಅದು ಒಪ್ಪಿಕೊಂಡಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 1990ರ ದಶಕದಲ್ಲಿ ಹದಿನೈದು ಕೇಂದ್ರಗಳಲ್ಲಿ ಏಕಕಾಲಕ್ಕೆ ಒಂದು ಪ್ರಶ್ನಾವಳಿಯನ್ನು ಬೆಳೆಯಿಸಿತು. ಆ ಹದಿನೈದರಲ್ಲಿ ದೆಹಲಿ, ಮದರಾಸುಗಳೆರಡೂ ಸೇರಿದ್ದವೆಂಬುದು ಗಮನಾರ್ಹ.

ಉತ್ತರಗಳು ಬಂದ ಮೇಲೆ ಅವುಗಳಿಗೆ ಬೆಲೆ ಕಟ್ಟುವ ಪ್ರಶ್ನೆ ಏಳುತ್ತದೆ. ನಡೆಯಲಾಗದಿರುವುದು ಹೆಚ್ಚಿನ ಕಷ್ಟವೋ, ನಿತ್ಯ ನೋವು ತಿನ್ನುವುದು ಹೆಚ್ಚಿನ ಕಷ್ಟವೋ? ಇದನ್ನು ತಜ್ಞರು ಕುರ್ಚಿಯಲ್ಲಿ ಕುಳಿತು ನಿರ್ಣಯಿಸತಕ್ಕದ್ದಲ್ಲ, ಜನರನ್ನೇ ಕೇಳಬೇಕು. “ಇಂಥ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದಕ್ಕೆ ಬದಲಾಗಿ, ಪೂರ್ಣ ಆರೋಗ್ಯದಿಂದ ಎಷ್ಟು ವರ್ಷ ಬದುಕಿದರೆ ನಿಮಗೆ ಸಮಾಧಾನ?” ಎಂದು ಕೇಳಿ, ಬಂದ ಉತ್ತರದಿಂದ ಆ ಸ್ಥಿತಿಯ ತೂಕವನ್ನು ಗೊತ್ತುಮಾಡುವ ಕ್ರಮವುಂಟು. ಬಹುಕಾಲ ನಮ್ಮ ಸಂಶೋಧಕರು ಇಂಗ್ಲಂಡು ಮೊದಲಾದ ಅನ್ಯದೇಶಗಳ ಜನರು ಕೊಟ್ಟ ತೂಕವನ್ನೇ ಎರವಲು ತರಬೇಕಾಗಿದ್ದಿತು. ಚಂಡೀಗಢದ ವೈದ್ಯಕೀಯ ಸ್ನಾತಕೋತ್ತರ ಸಂಸ್ಥೆಯ ವಿದ್ವಾಂಸರು ಹಲವು ರಾಜ್ಯಗಳ ಸುಮಾರು ಮೂರೂವರೆ ಸಾವಿರ ವಯಸ್ಕರನ್ನು ಕಂಡು ಕೇಳಿ, ಭಾರತೀಯರದೇ ಆದ ತೂಕಪಟ್ಟಿಯನ್ನು 2022ರಲ್ಲಿ ಪ್ರಕಟಿಸಿದರು. ನೆಲದ ಮೇಲೆ ಕುಳಿತು ಉಣ್ಣುವ, ನೆಲದ ಮೇಲೆ ಹಾಸಿ ಮಲಗುವ, ದಿನಗೂಲಿಯನ್ನು ನಂಬಿ ಬದುಕುವ ಜನಕ್ಕೆ ಮಂಡಿಯ ಬೆಲೆ ಎಷ್ಟೆಂಬುದನ್ನು ಲಂಡನ್ನಿನ ನಾಗರಿಕನು ಹೇಳಬೇಕಾದ ಅವಸ್ಥೆ ಇನ್ನಿಲ್ಲವೆಂಬುದು ಸಂತೋಷದ ವಿಷಯ.

ಇಲ್ಲಿಯವರೆಗೆ ದಾರಿ ಸುಗಮವಾಗಿದೆ. ಇನ್ನು ಮುಂದೆ ತೊಡಕು ಇದೆ. ಜನರು ಹೇಳುವ ಮಾತಿಗೂ ಅವರ ಶರೀರದ ಸ್ಥಿತಿಗೂ ಯಾವಾಗಲೂ ತಾಳೆಯಾಗುವುದಿಲ್ಲ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನಲ್ಲಿ, ಹಿಂದಿನ ಹದಿನೈದು ದಿನಗಳಲ್ಲಿ ಕಾಯಿಲೆಯಿದ್ದಿತೆಂದು ಹೇಳಿದವರು ಹಳ್ಳಿಗಳಲ್ಲಿ ನೂರಕ್ಕೆ 7ಕ್ಕಿಂತ ಕಡಿಮೆ, ಪಟ್ಟಣಗಳಲ್ಲಿ 9ಕ್ಕಿಂತ ತುಸು ಹೆಚ್ಚು. ವೈದ್ಯನೂ ಇಲ್ಲದ, ಶುದ್ಧ ನೀರೂ ಇಲ್ಲದ ಹಳ್ಳಿಯೇ ಹೆಚ್ಚು ಆರೋಗ್ಯವಂತವೆಂದು ಇದರಿಂದ ನಂಬಬೇಕೆ? ದೇಶದಲ್ಲೆಲ್ಲ ದೀರ್ಘಾಯುಗಳಾದ ಕೇರಳದವರು ತಮಗೆ ಕಾಯಿಲೆಯಿದೆಯೆಂದು ಎಲ್ಲರಿಗಿಂತ ಹೆಚ್ಚಾಗಿ ಹೇಳುತ್ತಾರೆ. ಅಲ್ಪಾಯುಗಳಾದ ಬಿಹಾರದವರು ಬಹಳ ಕಡಿಮೆ ಹೇಳುತ್ತಾರೆ. ಈ ವೈಚಿತ್ರ್ಯವನ್ನು ಅಮರ್ತ್ಯ ಸೇನರು 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎತ್ತಿ ತೋರಿಸಿದರು. ವಿದ್ಯೆಯೂ ಆಸ್ಪತ್ರೆಯೂ ಇರುವಲ್ಲಿ ಮನುಷ್ಯನು ತನ್ನ ಬೇನೆಯನ್ನು ಬೇನೆಯೆಂದು ಗುರುತಿಸಬಲ್ಲನು. ಅವೆರಡೂ ಇಲ್ಲದಲ್ಲಿ ಅದನ್ನು ಹಣೆಬರಹವೆಂದು ತಿಳಿದು ಸುಮ್ಮನಿರುವನು.

ಸೇನರೇ ಎತ್ತಿ ಹೇಳಿದ ಇನ್ನೊಂದು ಉದಾಹರಣೆಯನ್ನು ನೆನೆದರೆ ಮನಸ್ಸು ಮರುಗುತ್ತದೆ. ಬಂಗಾಳದ ಮಹಾಕ್ಷಾಮದ ಮರುವರ್ಷ, ಅಂದರೆ 1944ರಲ್ಲಿ, ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಸ್ವಾಸ್ಥ್ಯ ಸಂಸ್ಥೆಯವರು ಕಲಕತ್ತೆಯ ಬಳಿಯ ಸಿಂಗೂರಿನಲ್ಲಿ ವಿಧವೆಯರನ್ನೂ ವಿಧುರರನ್ನೂ ಅವರವರ ಆರೋಗ್ಯದ ಬಗೆಗೆ ವಿಚಾರಿಸಿದರು. ತಮಗೆ ಕಾಯಿಲೆಯಿದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೆ ಎಂದು ಹೇಳಿದ ವಿಧುರರು ನೂರಕ್ಕೆ 48.5. ಹಾಗೆ ಹೇಳಿದ ವಿಧವೆಯರು ನೂರಕ್ಕೆ ಕೇವಲ 2.5. ಕ್ಷಾಮದ ಮಾರನೆಯ ವರ್ಷ, ಒಂದೇ ಸೀಮೆಯಲ್ಲಿ, ಗಂಡಸರಲ್ಲಿ ಅರ್ಧದಷ್ಟು ಮಂದಿ ನರಳುತ್ತಿದ್ದಾಗ ಹೆಂಗಸರೆಲ್ಲ ಕ್ಷೇಮವಾಗಿದ್ದರೆಂದು ಯಾರು ನಂಬುವರು? ತನ್ನ ಆರೋಗ್ಯವೂ ಕೇಳತಕ್ಕ ಸಂಗತಿ, ಹೇಳತಕ್ಕ ಸಂಗತಿ ಎಂದು ಆ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿರಲಿಲ್ಲ ಎಂಬುದೇ ಆ ಅಂಕೆಯ ಅರ್ಥ. ಅಂದಿನಿಂದ ಎಂಟು ದಶಕಗಳು ಕಳೆದಿವೆ. ಆದರೂ ನಮ್ಮ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುವವಳು, ತನ್ನ ತಲೆನೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುವವಳು ಕಣ್ಮರೆಯಾಗಿದ್ದಾಳೆಂದು ನಾವು ಎದೆಮುಟ್ಟಿ ಹೇಳಬಲ್ಲೆವೆ?

ಹಾಗಾದರೆ ಕೇಳುವುದೇ ವ್ಯರ್ಥವೆಂದು ಕೆಲವರು ವಾದಿಸಬಹುದು. ನಮ್ಮ ಅಭಿಪ್ರಾಯ ಹಾಗಲ್ಲ. ಮಾತು ಮತ್ತು ಮಾಪನ ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ, ಅವೆರಡರ ನಡುವಣ ಅಂತರವೇ ದೊಡ್ಡ ಸತ್ಯವನ್ನು ಹೊರಗೆಡಹುತ್ತದೆ. 2017-18ರಲ್ಲಿ ದೇಶದ 45 ವರ್ಷ ಮೀರಿದ 72,000ಕ್ಕೂ ಹೆಚ್ಚು ಮಂದಿಯನ್ನು ಕಂಡ ವಾರ್ಧಕ್ಯದ ಅಧ್ಯಯನವು ಈ ದಾರಿಯನ್ನೇ ಹಿಡಿಯಿತು. ನಿಮ್ಮ ಆರೋಗ್ಯ ಹೇಗಿದೆಯೆಂದು ಕೇಳಿತು. ಜೊತೆಗೆ ಕೈಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಶ್ವಾಸದ ಶಕ್ತಿಯನ್ನೂ ಅಳೆಯಿತು. ಲಕ್ಷಣಗಳನ್ನು ಒಂದೊಂದಾಗಿ ಕೇಳಿ ಪರೀಕ್ಷಿಸಿದಾಗ 60 ದಾಟಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಯಲ್ಲಿ ತೀವ್ರ ಖಿನ್ನತೆ ಕಂಡುಬಂದಿತು. ಆದರೆ ಖಿನ್ನತೆಯೆಂದು ವೈದ್ಯರಿಂದ ತಿಳಿದವರ ಸಂಖ್ಯೆ ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಕೇಳುವ ಕ್ರಮವನ್ನು ಅರಿತು ಕೇಳದೆ ಹೋಗಿದ್ದರೆ ಆ ಉಳಿದ ಒಂಬತ್ತು ಪಾಲು ಜನ ದೇಶದ ದೃಷ್ಟಿಗೆ ಬೀಳುತ್ತಲೇ ಇರಲಿಲ್ಲ.

ಇನ್ನು ನಮ್ಮ ವಾಚಕರಿಗೆ ಹತ್ತಿರದ ಮಾತು. 2011ರ ಜನಗಣತಿಯಂತೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದು ನೆಲೆಸಿದವರು ಐದು ಕೋಟಿಗೂ ಹೆಚ್ಚು. ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ತಮಿಳುನಾಡಿನಲ್ಲಿ ಇನ್ನೂ ಹೆಚ್ಚು. ಇವರ ಆರೋಗ್ಯದ ಲೆಕ್ಕ ಎಲ್ಲಿ ಸೇರುತ್ತದೆ? ಸಮೀಕ್ಷಕನು ಮನೆಗೆ ಬರುತ್ತಾನೆ; ಹೋಟೆಲಿನ ಅಟ್ಟದಲ್ಲಿ, ಕಟ್ಟಡ ಕಟ್ಟುವ ಸ್ಥಳದ ತಗಡಿನ ಗುಡಿಸಲಿನಲ್ಲಿ ಇರುವವನ ಬಳಿಗೆ ಆತ ಬರುವುದು ಅಪರೂಪ. ತರುಣನಾಗಿ ಗಟ್ಟಿಯಾಗಿರುವಷ್ಟು ಕಾಲ ನಮ್ಮವನು ಮುಂಬಯಿ ಪುಣೆಗಳಲ್ಲಿ ದುಡಿಯುತ್ತಾನೆ. ಎದೆ ಕೆಟ್ಟು, ಸೊಂಟ ಬಾಗಿ, ಕೆಲಸಕ್ಕೆ ಬಾರದವನಾದಾಗ ಗಂಟುಕಟ್ಟಿಕೊಂಡು ಉಡುಪಿಗೋ ಕಲಬುರ್ಗಿಗೋ ಯಾದಗಿರಿಗೋ ಹಿಂದಿರುಗುತ್ತಾನೆ. ಹೀಗಾಗಿ ನಗರದ ಲೆಕ್ಕದಲ್ಲಿ ವಲಸೆಗಾರನು ಸದಾ ಆರೋಗ್ಯವಂತನಾಗಿಯೇ ಕಾಣಿಸುತ್ತಾನೆ. ಅವನ ಬೇನೆ ಊರಿನ ಲೆಕ್ಕಕ್ಕೆ ಬೀಳುತ್ತದೆ. ಆ ಬೇನೆಯ ಕಾರಣ ಮಾತ್ರ ಯಾವ ಲೆಕ್ಕಕ್ಕೂ ಬೀಳುವುದಿಲ್ಲ. ಹಗಲು ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರಿನ ಕೀರ್ತಿಯನ್ನು ನಾವು ಸಭೆಗಳಲ್ಲಿ ಹಾಡುತ್ತೇವೆ. ಅವರು ಅದಕ್ಕೆ ಶರೀರದಿಂದ ತೆತ್ತ ಬೆಲೆಯನ್ನು ಯಾರೂ ಬರೆದಿಡಲಿಲ್ಲ.

ಭಾಷೆಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ವಿಜಯಪುರದಿಂದ ಬಂದು ಮಗನೊಡನೆ ಪುಣೆಯಲ್ಲಿರುವ ಮುದುಕಿಯೊಬ್ಬಳನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ “ನಿಮಗೆ ಚಿಂತೆ, ಖಿನ್ನತೆ ಉಂಟೆ?” ಎಂದು ಕೇಳಿದರೆ ಅವಳು ಮಗನ ಮುಖ ನೋಡುತ್ತಾಳೆ. ಮಗನು “ಇಲ್ಲ, ಆಕೆಗೆ ಏನೂ ಇಲ್ಲ” ಎಂದು ಉತ್ತರ ಕೊಡುತ್ತಾನೆ. ಅದೇ ಮುದುಕಿಯನ್ನು ಅವಳ ಮಾತಿನಲ್ಲಿ “ಆರಾಮ ಇದ್ದೀಯೇನವ್ವಾ?” ಎಂದು ಕೇಳಿ, ಸ್ವಲ್ಪ ಹೊತ್ತು ಕುಳಿತರೆ, ನಿದ್ದೆ ಬಾರದ್ದು, ಊಟ ಸೇರದ್ದು, ಜೀವಕ್ಕೆ ಸಮಾಧಾನವಿಲ್ಲದ್ದು ಎಲ್ಲವೂ ಒಂದೊಂದಾಗಿ ಹೊರಬರುತ್ತವೆ. ಆ “ಆರಾಮ” ಎಂಬ ಒಂದು ಮಾತಿನಲ್ಲಿ ದೇಹದ ಸೌಖ್ಯವೂ ಇದೆ, ಮನಸ್ಸಿನ ನೆಮ್ಮದಿಯೂ ಇದೆ. ವಿದ್ವಾಂಸರು ಹಲವು ದಶಕ ಶ್ರಮಿಸಿ ಒಂದುಗೂಡಿಸಿದ್ದನ್ನು ನಮ್ಮ ಉತ್ತರ ಕರ್ನಾಟಕದವರು ನಿತ್ಯವೂ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದಾರೆ. ಮೇಲೆ ಹೇಳಿದಂಥ ಪ್ರಶ್ನಾವಳಿಗಳ ಕನ್ನಡ ರೂಪಗಳು ಈಗಾಗಲೇ ಸಿದ್ಧವಾಗಿವೆ. ಅವು ಕರ್ನಾಟಕದ ಗಡಿಯೊಳಗೆ ಮಾತ್ರ ಬಳಕೆಯಾಗಬೇಕೆಂಬ ನಿಯಮವೇನಿದೆ?

ಅಂಕೆಗಳ ಮೇಲಣ ಮೋಹದಿಂದ ಒದಗಬಹುದಾದ ಅಪಾಯವನ್ನೂ ನಾವು ಮರೆಯತಕ್ಕದ್ದಲ್ಲ. ಆರೋಗ್ಯಸ್ಥಿತಿಗೆ ಸಂಖ್ಯೆಯ ಬೆಲೆ ಕಟ್ಟಿದ ಕೂಡಲೆ, ಯಾರಿಗೆ ಚಿಕಿತ್ಸೆ ಕೊಟ್ಟರೆ ಹೆಚ್ಚು ಲಾಭ ಎಂಬ ವಣಿಕ್ ಬುದ್ಧಿ ತಲೆಯೆತ್ತುವುದು ಸಹಜ. ಹುಟ್ಟುಕುರುಡನ ಒಂದು ವರ್ಷ ಕಣ್ಣುಳ್ಳವನ ಒಂದು ವರ್ಷಕ್ಕಿಂತ ಅಗ್ಗವೆಂದು ಎಣಿಸುವಂತಾದರೆ ಆ ಲೆಕ್ಕವು ಅಧರ್ಮಕ್ಕೆ ದಾರಿಯಾದೀತು. ಇಂಥ ಭೀತಿಯಿಂದಲೇ ಅಮೆರಿಕದ 2010ರ ಆರೋಗ್ಯ ಕಾಯಿದೆಯು ಆ ಬಗೆಯ ಲೆಕ್ಕವನ್ನು ಚಿಕಿತ್ಸೆಯ ಮಿತಿಯಾಗಿ ಬಳಸುವುದಕ್ಕೆ ಕಟ್ಟುಹಾಕಿತು. ನಮ್ಮಲ್ಲಿಯೂ ಯಾವ ಚಿಕಿತ್ಸೆಗೆ ಬೊಕ್ಕಸದ ಹಣ ಸಲ್ಲಬೇಕೆಂದು ವಿಚಾರಿಸುವ ವ್ಯವಸ್ಥೆಯು 2017ರಲ್ಲಿ ಸ್ಥಾಪನೆಯಾಗಿದೆ. ಅಳತೆಯು ಜನರ ಕಷ್ಟವನ್ನು ಹುಡುಕಿ ತೆಗೆಯುವ ದೀಪವಾಗಬೇಕೇ ಹೊರತು, ಕಷ್ಟದಲ್ಲಿರುವವನನ್ನು ಬಾಗಿಲಲ್ಲಿ ತಡೆಯುವ ಅಗುಳಿಯಾಗಕೂಡದು. ಈ ವಿವೇಕವನ್ನು ಮೊದಲೇ ಕಟ್ಟಳೆಯಾಗಿ ಬರೆದಿಡುವುದು ಕ್ಷೇಮ.

ಆದುದರಿಂದ ನಾವು ಸರಕಾರವನ್ನು ಕೇಳುವುದು ಇಷ್ಟೆ. ಒಂದನೆಯದಾಗಿ, ರಾಷ್ಟ್ರಮಟ್ಟದ ಪ್ರತಿಯೊಂದು ಆರೋಗ್ಯ ಸಮೀಕ್ಷೆಯಲ್ಲಿಯೂ ಎಲ್ಲ ವಯಸ್ಕರಿಗೆ ಇಂಥ ಐದಾರು ಪ್ರಶ್ನೆಗಳನ್ನು ಒಂದೇ ರೀತಿಯಲ್ಲಿ ಕೇಳುವ ಏರ್ಪಾಡಾಗಲಿ. ಹತ್ತು ನಿಮಿಷಗಳ ಕೆಲಸವಿದು. ಒಮ್ಮೆ ಕೇಳಿ ಬಿಟ್ಟರೆ ಪ್ರಯೋಜನವಿಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಮಾತ್ರ ಅದು ಮಾರ್ಗದರ್ಶಕವಾದೀತು. ಎರಡನೆಯದಾಗಿ, ಹೆಂಗಸರ ಉತ್ತರವನ್ನು ಹೆಂಗಸರಿಂದಲೇ, ಸಾಧ್ಯವಾದಷ್ಟೂ ಏಕಾಂತದಲ್ಲಿ ಪಡೆಯಲಿ. ಮೂರನೆಯದಾಗಿ, ಮಹಾನಗರಗಳಲ್ಲಿ ಸಮೀಕ್ಷಕರ ಕೈಯಲ್ಲಿ ಆ ಆ ರಾಜ್ಯದ ಭಾಷೆಯ ಪ್ರಶ್ನಾವಳಿಯ ಜೊತೆಗೆ ಅಲ್ಲಿ ನೆಲೆಸಿದ ಇತರ ಭಾಷೆಗಳವರ ಪ್ರಶ್ನಾವಳಿಯೂ ಇರಲಿ. ಇದು ಕನ್ನಡಿಗರಿಗೆ ಮಾತ್ರವೆಂದು ನಾವು ಕೇಳುತ್ತಿಲ್ಲ. ಬೆಂಗಳೂರಿನಲ್ಲಿರುವ ತಮಿಳನಿಗೂ ಒಡಿಯಾ ಮಾತನಾಡುವ ಕೂಲಿಗೂ ಇದೇ ನ್ಯಾಯ ಸಲ್ಲಬೇಕು. ನಾಲ್ಕನೆಯದಾಗಿ, ಕೆಲಸದ ಸ್ಥಳದಲ್ಲಿಯೇ ವಾಸಿಸುವವರನ್ನೂ, ಕಾಯಿಲೆಯಿಂದ ಊರಿಗೆ ಹಿಂದಿರುಗಿದವರನ್ನೂ, ಅವರು ಹಿಂದೆ ಎಲ್ಲಿ ಯಾವ ಕೆಲಸ ಮಾಡಿದ್ದರೆಂಬುದನ್ನೂ ದಾಖಲೆಗೆ ತರಲಿ.

ನಮ್ಮ ಕನ್ನಡ ಸಂಘಗಳಿಗೂ ಇದರಲ್ಲಿ ಮಾಡಬೇಕಾದ ಕೆಲಸವಿದೆ. ರಾಜ್ಯೋತ್ಸವಕ್ಕೆ ಹಾಕುವ ಚಪ್ಪರದ ಒಂದು ಮೂಲೆಯಲ್ಲಿ ವೈದ್ಯರನ್ನು ಕೂರಿಸಿ ರಕ್ತದೊತ್ತಡ ನೋಡಿಸುವ ಸಂಪ್ರದಾಯ ಹಲವೆಡೆಗಳಲ್ಲಿ ಬೆಳೆದಿರುವುದು ಸ್ತುತ್ಯವಾದುದು. ಅದರ ಜೊತೆಗೆ, “ಹೇಗಿದ್ದೀರಿ, ಏನು ಕಷ್ಟ?” ಎಂದು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವ ಇಬ್ಬರು ವಿದ್ಯಾವಂತ ತರುಣ ತರುಣಿಯರನ್ನೂ ಕೂರಿಸಿದರೆ, ಪ್ರಾಯಶಃ ಯಂತ್ರ ತೋರಿಸದ ಬೇನೆ ಅವರ ಪುಸ್ತಕದಲ್ಲಿ ಕಾಣಿಸಿಕೊಳ್ಳಬಹುದು.

ಕೊನೆಯದಾಗಿ ವಾಚಕ ಮಹಾಶಯರಲ್ಲಿ ಒಂದು ಬಿನ್ನಹ. ಸಮೀಕ್ಷಕನು ಮನೆಯ ಬಾಗಿಲಿಗೆ ಬಂದಾಗ ಆತನನ್ನು ತೆರಿಗೆಯವನೆಂದು ಶಂಕಿಸಿ ಹಿಂದಕ್ಕೆ ಅಟ್ಟಬೇಡಿ. ಮನೆಯ ಯಜಮಾನನೇ ಎಲ್ಲರ ಪರವಾಗಿ “ಎಲ್ಲರೂ ಚೆನ್ನಾಗಿದ್ದಾರೆ” ಎಂದು ಹೇಳಿ ಮುಗಿಸಬೇಡಿ. ಒಳಗಿರುವ ತಾಯಿಯನ್ನು, ಹೆಂಡತಿಯನ್ನು, ಅತ್ತೆಯನ್ನು ಕರೆದು ಕುಳ್ಳಿರಿಸಿ. ಅವರ ಉತ್ತರವನ್ನು ಅವರೇ ಕೊಡಲಿ. ಊರಿಗೆ ಬರೆಯುವ ಕಾಗದದಲ್ಲಿ ಬೇಕಾದರೆ ಹಳೆಯ ಒಕ್ಕಣೆಯೇ ಇರಲಿ. ಆದರೆ ದೇಶಕ್ಕೆ ಬರೆಯುವ ಕಾಗದದಲ್ಲಿ ಮಂಡಿ ನೋಯುವವರು ಮಂಡಿ ನೋಯುತ್ತದೆಂದೇ ಬರೆಯಿಸಲಿ. ನಿಜವಾದ ಕ್ಷೇಮದ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.